ಗುಳ್ಳೆ ನಿಂತ ಹೊತ್ತು

ಜೂನ್ 3, ಸಂಜೆ
ಡ್ಯೂಟಿ ಮುಗಿಯಿತು. ಕಾಲು ಬಾತಿದೆ. ಬೆಳಿಗ್ಗೆ ಹೆರಿಗೆ ಕೋಣೆಯಿಂದ ನಮ್ಮ ನವಜಾತ ಶಿಶುಗಳ ವಾರ್ಡಿಗೆ ಒಂದು ಗಂಡು ಮಗು ಬಂತು. ತಾಯಿಯ ಹೊಟ್ಟೆಯೊಳಗೇ ಮಲ ಮಾಡಿ ಅದನ್ನೇ ಉಸಿರಿಗೆ ಎಳೆದುಕೊಂಡಿದೆ. ಉಗುರು ಕೂಡ ಹಸಿರು. ಮೂಗಿನ ನಳಿಕೆಯಿಂದ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಹಾಕಬೇಕಿತ್ತು. ಡಾಕ್ಟರು ನನ್ನ ಕಡೆ ನೋಡಲೂ ಇಲ್ಲ. "ಹೊಸ ಸಿಸ್ಟರ್‌ನ ಕರೀರಿ, ಅವ್ರ ಕೈ ಚೆನ್ನಾಗಿದೆ."

ಹತ್ತೊಂಬತ್ತು ವರ್ಷ ಈ ವಾರ್ಡಿನಲ್ಲಿ ಸವೆದ ನನ್ನ ಕೈ ಏನು, ಸೌಟೇ? ಅವಳು ಬಂದು ಎಂಟು ತಿಂಗಳು. ಮೂಗಿಗೆ ನಳಿಕೆ ಕೂರಿಸುವುದನ್ನು ಕಲಿಸಿದ್ದೇ ನಾನು. ಹೊಟ್ಟೆ ಉರಿಯಿತು. ಇಲ್ಲೂ ಸುಳ್ಳು ಯಾಕೆ...

ಜೂನ್ 4
ಮಗು ಪರವಾಗಿಲ್ಲ. ನಳಿಕೆಯ ಇನ್ನೊಂದು ತುದಿ ಬಾಟಲಿಯ ನೀರಿನಲ್ಲಿ, ದಿನವಿಡೀ ಗುಳುಗುಳು. ಗುಳ್ಳೆ ಏಳುತ್ತಿದ್ದರೆ ಮಗುವಿಗೆ ಒತ್ತಡ ಸಿಗುತ್ತಿದೆ ಎಂದರ್ಥ. ತಾಯಿ ಬಂದು ಹೊಸ ಸಿಸ್ಟರ್ ಕೈ ಹಿಡಿದು ಅತ್ತಳು. ನಾನು ಪಕ್ಕದಲ್ಲೇ ಮೂತ್ರದ ಲೆಕ್ಕಕ್ಕೆ ಡಯಾಪರ್ ತೂಗುತ್ತಿದ್ದೆ.

"ಅಕ್ಕಾ, ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ. ಮೊದ್ಲು ಟೋಪಿ, ಆಮೇಲೆ ನಳಿಕೆ" ಅಂದಳು. ಒಳ್ಳೆಯವಳು ಬೇರೆ! ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಜೂನ್ 8
ಬರೆಯಲಾಗಲಿಲ್ಲ. ಬರೆಯಲೇಬೇಕು.

ಐದನೇ ತಾರೀಖು, ಬೆಳಿಗ್ಗೆ ಹನ್ನೊಂದು. ಆ ಮಗುವಿನ ಡಯಾಪರ್ ಬದಲಿಸಿದೆ. ಗಲಾಟೆ ಬೇಡವೆಂದು ಮಾನಿಟರಿನ ಅಲಾರಂ ಎರಡು ನಿಮಿಷ ಬಂದ್ ಮಾಡಿದ್ದೆ — ಎಲ್ಲರೂ ಮಾಡುತ್ತೇವೆ. ಈ ಕಡೆ ಬಂದೆ. ಗುಳುಗುಳು ನಿಂತಿತು. ನಳಿಕೆ ಜಾರಿದೆ. ಅವಳು ಬೆನ್ನು ಹಾಕಿ ಇನ್ನೊಂದು ಮಗುವಿಗೆ ಹಾಲು ಹಾಕುತ್ತಿದ್ದಳು.

ನನಗೆ ಎರಡೇ ಹೆಜ್ಜೆ. ಇಡಲಿಲ್ಲ. ಕೈ ಚೆನ್ನಾಗಿರುವವಳಿಗೆ ಕಿವಿ ಇದೆಯೋ ನೋಡೋಣ ಎಂದು ನಿಂತೆ. ಮಾನಿಟರಿನಲ್ಲಿ ಆಮ್ಲಜನಕ 94. 88. 79. ತುಟಿ ನೀಲಿಯಾಯಿತು. ಆಮೇಲೆ ಓಡಿದೆ. ನಳಿಕೆ ಕೂರಿಸಿದೆ. ಗುಳ್ಳೆ ಎದ್ದವು.

"ಅನುಭವ ಅಂದ್ರೆ ಇದು!" ಡಾಕ್ಟರು, ಎಲ್ಲರ ಮುಂದೆ. ಎಂಟು ತಿಂಗಳಿಂದ ಕಾದಿದ್ದ ಮಾತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಅಳುತ್ತಾ ಚಾರ್ಟ್ ಹಿಡಿದು ಬಂದಳು. "ಮಗು ನನ್ನ ಪಾಲಿಂದು, ನನ್ದೇ ತಪ್ಪು ಅಕ್ಕಾ. ಎಷ್ಟು ಹೊತ್ತಾಗಿತ್ತು ಗುಳ್ಳೆ ನಿಂತು? ಬರೀಬೇಕು."

"ಆಗಷ್ಟೇ" ಅಂದೆ. ಹಾಗೇ ಬರೆದಳು.

ಜೂನ್ 9, ಬೆಳಿಗ್ಗೆ
ಮಗು ನಳಿಕೆಯಿಲ್ಲದೆ ಉಸಿರಾಡುತ್ತಿದೆ. ತಾಯಿ ಎತ್ತಿಕೊಂಡಳು. ಹೊಸ ಸಿಸ್ಟರನ್ನು ಮಾತ್ರ ಈ ವಾರ್ಡಿನಿಂದ ತೆಗೆಯುತ್ತಾರಂತೆ. ನನ್ನ ಹೇಳಿಕೆ ಬೇಕಂತೆ, ಹಿರಿಯಳಲ್ಲವೇ. ಫಾರಂ ಮುಂದಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಲಾರಂ ಬಂದ್ ಮಾಡಿದ್ದು ನಾನು. ಗುಳ್ಳೆ ನಿಂತದ್ದು ಕೇಳಿಸಿತ್ತು. ನಲವತ್ತು ಸೆಕೆಂಡ್, ಗಡಿಯಾರ ನೋಡುತ್ತಾ, ನಾನು ಅಲ್ಲೇ ನಿಂತಿದ್ದೆ. ಇನ್ನು ಫಾರಂ.