ಕೆಂಪು ಮಣ್ಣಿನ ಮೇಲೆ ಸಣ್ಣ ಮುದ್ರೆ

ಡಿಂಗ್‌ಶು
ಏಪ್ರಿಲ್ ೯, ೧೯೯೬

ತಮ್ಮ ಷೌಕಾಂಗ್‌ಗೆ,

ನೀನು ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಕ್ಷೇಮವನ್ನು ನಿನ್ನೆ ನಮ್ಮ ಅಂಗಳದಲ್ಲಿ ಅಪ್ಪನೇ ಉಳಿಸಿಕೊಟ್ಟಿದ್ದಾರೆ. ಏನಾಯಿತೆಂದು ಬೆಳಗಿನಿಂದ ಫೋನ್ ಮಾಡುತ್ತಿದ್ದೀಯಂತೆ. ಫೋನಿರುವುದು ಎಣ್ಣೆ ಅಂಗಡಿಯಲ್ಲಿ. ಅಲ್ಲಿ ಪಿಸುಗುಟ್ಟಿದ್ದೂ ಊರಿಗೆಲ್ಲ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಸುಟ್ಟುಬಿಡು.

ನಿನ್ನ ತೈವಾನಿನ ಗಿರಾಕಿ ಫಾಂಗ್ ಬಂದಾಗ ನಾನು ಅಂಗಳದಲ್ಲಿ ಕಳಲೆ ಸುಲಿಯುತ್ತಿದ್ದೆ. ಆತ ಪೆಟ್ಟಿಗೆ ತೆರೆದು ಒಂದು ಕೆಂಪು ಚಹಾ ಹೂಜಿಯನ್ನು ಅಪ್ಪನ ಮುಂದಿಟ್ಟರು. "ಚೂ ಮೇಷ್ಟ್ರೇ, ನೀವು ಕೊನೇದಾಗಿ ಮಾಡಿದ್ದು ಅಂತ ನಿಮ್ಮ ಮಗ ಮಾರಿದ್ದು ಇದನ್ನ" ಎಂದರು. ನೋಡಿದ ಕೂಡಲೇ ಗುರುತು ಹಿಡಿದೆ. ಹೋದ ವರ್ಷ ಹಬ್ಬಕ್ಕೆ ಬಂದವನು ಗೆಳೆಯನ ಮದುವೆಗೆಂದು ಪುಸಲಾಯಿಸಿ ನನ್ನಿಂದ ಮಾಡಿಸಿಕೊಂಡೆಯಲ್ಲ, ಅದೇ ಹೂಜಿ. ಅಜ್ಜ ಅಗೆದು ತಂದ ಕೆಂಪು ಮಣ್ಣೇ ಆಗಬೇಕೆಂದು ನೀನು ಹಟ ಹಿಡಿದಿದ್ದೆ. ಗುಡ್ಡದಲ್ಲಿ ಆ ಮಣ್ಣಿನ ಪದರವೇ ಮುಗಿದಿದೆ, ನಮ್ಮ ಗುಡಾಣದಲ್ಲಿ ಉಳಿದಿರುವುದೇ ಉಳಿದದ್ದು ಎಂದು ನಾನು ಬೈದರೂ ಕೇಳಲಿಲ್ಲ. "ಮುದ್ರೆ ಒತ್ತಬೇಡಕ್ಕ, ಮದುಮಗನ ಹೆಸರು ನಾನೇ ಒತ್ತಿಸ್ತೀನಿ" ಎಂದು ಹಸಿ ಹೂಜಿಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಈಗ ಅದರ ತಳದಲ್ಲಿ ಅಪ್ಪನ ಹೆಸರಿದೆ.

ಅಪ್ಪನ ಮುದ್ರೆಗಳು ಅವರ ದಿಂಬಿನ ಕೆಳಗಿರುತ್ತವೆ. ಅವನ್ನು ಕದಿಯುವ ಧೈರ್ಯವಿಲ್ಲದೆ, ಅಪ್ಪ ಸುಡದೆ ಅಟ್ಟದ ಮೇಲೆ ಬಿಟ್ಟಿದ್ದ ನೇರಳೆ ಮಣ್ಣಿನ ಹೂಜಿಯಿಂದ ಅಚ್ಚು ತೆಗೆದಿರಬೇಕು ನೀನು. ಒಂದು ದಿನವಾದರೂ ಕೆಲಸದ ಮಣೆಯ ಮುಂದೆ ಕೂತಿದ್ದರೆ ಗೊತ್ತಿರುತ್ತಿತ್ತು, ಕೆಂಪು ಮಣ್ಣು ಆವಿಗೆಯಲ್ಲಿ ನೇರಳೆಗಿಂತ ಹೆಚ್ಚು ಕುಗ್ಗುತ್ತದೆ. ಅದಕ್ಕೆಂದೇ ಅಪ್ಪ ಕೆಂಪು ಮಣ್ಣಿಗೆ ಬೇರೆ ದೊಡ್ಡ ಮುದ್ರೆ ಇಟ್ಟುಕೊಂಡಿದ್ದಾರೆ. ಬೆಂದು ಬಂದ ಮೇಲೆ ಎರಡೂ ಒಂದೇ ಅಳತೆ. ನಿನ್ನದು ಕುಗ್ಗಿ ಕಿರುಬೆರಳಿನ ಉಗುರಿನಷ್ಟಾಗಿದೆ. ಫಾಂಗ್ ಅಪ್ಪನದೇ ಇನ್ನೊಂದು ಕೆಂಪು ಹೂಜಿಯನ್ನೂ ತಂದಿದ್ದರು. ಎರಡನ್ನೂ ಬೋರಲು ಹಾಕಿ ಪಕ್ಕದಲ್ಲಿಟ್ಟಾಗ ವ್ಯತ್ಯಾಸ ಕಣ್ಣಿಗೆ ರಾಚುತ್ತಿತ್ತು.

ನಮ್ಮ ಬೀದಿಯ ಪದ್ಧತಿ ನಿನಗೂ ಗೊತ್ತು. ತನ್ನ ಹೆಸರಿನ ಕಳ್ಳ ಹೂಜಿ ಬಾಗಿಲಿಗೆ ಬಂದರೆ ಆ ಕುಶಲಕರ್ಮಿಯೇ ತನ್ನ ಹೊಸಿಲ ಮೇಲೆ ಅದನ್ನು ಒಡೆಯಬೇಕು. ಅಪ್ಪ ಹಾಗೆ ಒಡೆದದ್ದನ್ನು ಚಿಕ್ಕಂದಿನಲ್ಲಿ ನಾವಿಬ್ಬರೂ ನೋಡಿದ್ದೇವೆ, ಒಡೆದು ಕೈ ಕೊಡವಿ ಊಟಕ್ಕೆ ಕೂರುತ್ತಿದ್ದರು. ಫಾಂಗ್ ನನ್ನ ಮಣೆಯ ಮೇಲಿದ್ದ ಕೊಡತಿಯನ್ನು ತಂದು ಅಪ್ಪನ ಕೈಯ ಹತ್ತಿರ ಇಟ್ಟರು.

"ನಿಮ್ದಲ್ದಿದ್ರೆ ಒಡೀರಿ ಮೇಷ್ಟ್ರೇ. ನಿಮ್ಮ ಮಗನ್ನ ಆಮೇಲೆ ಪೊಲೀಸ್ರು ನೋಡ್ಕೋತಾರೆ."

ನಿಜ ಹೇಳಲೇ? ಒಡೆಯಲಿ, ಮಾಡಿದ್ದುಣ್ಣೋ ಮಹಾರಾಯ, ಎಂದುಕೊಂಡೆ. ಮರುಕ್ಷಣವೇ ನಿನ್ನ ಪುಟ್ಟ ಮಗಳ ಮುಖ ನೆನಪಾಯಿತು. ಬಾಯಿಬಿಡುವ ಹಾಗಿರಲಿಲ್ಲ, ಸನ್ನೆ ಮಾಡೋಣವೆಂದರೆ ಅಪ್ಪನ ಕಣ್ಣಿಗೆ ಈಗ ಬೆಳಕೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವರು ಹೂಜಿಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿ ಸವರಿದರು, ಮುಚ್ಚಳ ತಿರುಗಿಸಿದರು, ತಳದ ಮುದ್ರೆಯ ಮೇಲೆ ಉಗುರಾಡಿಸಿದರು. ಮುದ್ರೆ ಮುಟ್ಟಿದ ಕೂಡಲೇ ಅವರ ದವಡೆ ಬಿಗಿಯಿತು. ಕೈ ಕೊಡತಿಯ ಕಡೆ ಹೋಯಿತು, ಅದನ್ನು ಎತ್ತಿಯೂ ಎತ್ತಿದರು. ಆಮೇಲೆ ಏನೋ ನೆನಪಾದವರಂತೆ ಅದನ್ನು ಕೆಳಗಿಟ್ಟು, ಮುಚ್ಚಳ ತೆಗೆದು, ಒಳಗೆ ಬೆರಳು ಹಾಕಿ ಬಹಳ ಹೊತ್ತು ತಡಕಿದರು.

"ನಂದೇ" ಎಂದರು.

"ಮತ್ತೆ ಮುದ್ರೆ ಯಾಕೆ ಸಣ್ಣದು?"

"ಕಣ್ಣು ಮಂಜು ಕಣಯ್ಯ. ಕೆಂಪಿಗೆ ಒತ್ತೋದು ಅಂದ್ಕೊಂಡು ನೇರಳೇದು ಒತ್ಬಿಟ್ಟೆ. ಮುದುಕ ಎಡವಿದ್ದಕ್ಕೆ ಮಗನ್ನ ಜೈಲಿಗೆ ಕಳಿಸ್ತೀಯಾ?"

ಫಾಂಗ್ ಎರಡೂ ಹೂಜಿಗಳ ತಳವನ್ನು ಇನ್ನೊಮ್ಮೆ ಹೋಲಿಸಿ ನೋಡಿದರು. ಆಮೇಲೆ ದೊಡ್ಡದಾಗಿ ನಕ್ಕು, "ಹಂಗಾದ್ರೆ ಇಂಥದ್ದು ಲೋಕದಲ್ಲಿ ಇದೊಂದೇ! ಬೆಲೆ ಇನ್ನೂ ಜಾಸ್ತಿ ಬಿಡಿ" ಎಂದು ನಾನು ಹಬ್ಬಕ್ಕೆ ಮಾಡಿದ ಹಸಿರು ಅಕ್ಕಿ ಉಂಡೆಗಳನ್ನು ಚಪ್ಪರಿಸಿ ತಿಂದರು. ಅಪ್ಪ ಒಂದನ್ನೂ ಮುಟ್ಟಲಿಲ್ಲ. ಸುಳ್ಳು ಹೂಜಿ ಕಂಡರೆ ಕೆಂಡವಾಗುತ್ತಿದ್ದ ಮನುಷ್ಯನ ಬಾಯಲ್ಲಿ ಸುಳ್ಳು ಹೇಳಿಸಿದೆ ನೀನು. ನಿನ್ನನ್ನು ಕ್ಷಮಿಸಲು ನನ್ನಿಂದ ಈಗಂತೂ ಆಗದು.

ಫಾಂಗ್ ಇನ್ನೊಂದು ಬೇಕೆಂದು ನಿನ್ನ ಬೆನ್ನು ಹತ್ತುತ್ತಾರೆ. ಇಲ್ಲವೆಂದು ಹೇಳು. ಆ ಕಳ್ಳ ಮುದ್ರೆಯನ್ನು ಒಡೆದುಹಾಕು. ಗುಡಾಣದಿಂದ ಇನ್ನಷ್ಟು ಮಣ್ಣು ಒಯ್ದಿದ್ದರೆ ಒಣಗಲು ಬಿಡದೆ ಮರಳಿ ಕಳಿಸು. ಅಪ್ಪ ಕರೆಯುವ ತನಕ ಮನೆಗೆ ಬರಬೇಡ. ಮಗುವಿಗೆ ನನ್ನ ಮುತ್ತುಗಳು.

ನಿನ್ನ ಅಕ್ಕ,
ಪೈಫೆನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಅಪ್ಪ ನಿನ್ನ ಮೇಲಿನ ಮಮತೆಗೆ ಸುಳ್ಳು ಹೇಳಿದರೆಂದು ನೀನು ಬೀಗಬಾರದು. ನಾನೂ ಹಾಗೇ ಅಂದುಕೊಂಡು, "ಅವನಿಗೋಸ್ಕರ ಹೆಸರು ಮಾರ್ಕೊಂಡ್ರಾ ಅಪ್ಪಾ?" ಎಂದು ಅತ್ತೆ. ಅದಕ್ಕೆ ಅವರು, "ಅವನಿಗೋಸ್ಕರ ಅಂತ ಯಾರಂದ್ರು? ಜೈಲಿಗೆ ಹೋಗಿದ್ರೆ ಬುದ್ಧಿನಾದ್ರೂ ಬರ್ತಿತ್ತು. ಒಳಗೆ ಬೆರಳು ಹಾಕ್ದೆ, ಮೂತಿ ಕೂಡೋ ಕಡೆ ನಿನ್ನ ಹೆಬ್ಬೆರಳಿನ ಗುರುತು ಸಿಕ್ತು. ಅಂಥ ಹೂಜಿ ನಾನೂ ಮಾಡ್ಲಿಲ್ಲ, ನಮ್ಮಪ್ಪನೂ ಮಾಡ್ಲಿಲ್ಲ. ಹೆಂಗೆ ಒಡೀಲಿ ಹೇಳು?" ಎಂದರು. ಹುಟ್ಟಿದಾಗಿನಿಂದ ನಾನು ಕಾದಿದ್ದ ಮಾತು ಅದು. ಅದನ್ನು ಅವರು ಹೇಳಿದ್ದು ಬಾಗಿಲು ಹಾಕಿಕೊಂಡ ಮೇಲೆ. ಅಷ್ಟರಲ್ಲಿ ನನ್ನ ಹೂಜಿ ಅಪ್ಪನ ಹೆಸರು ಹೊತ್ತು ಬಸ್ಸು ಹತ್ತಿಯಾಗಿತ್ತು.