ಕಡಲಿಗೆ ಇಳಿಯುವ ಮೊದಲು

ಜುಲೈ ೧೨, ಶನಿವಾರ

ಮಾತು ಅರ್ಧಕ್ಕೇ ನಿಂತಿತಲ್ಲ, ಅದೇ ಕೊರೆಯುತ್ತಿದೆ.

ಕಂಡಾವು ದ್ವೀಪದಿಂದ ಬಂದ ಅಜ್ಜ-ಅಜ್ಜಿಗೆಂದೇ ಅಪ್ಪ ಕಡಲತೀರದ ಈ ಹುಲ್ಲುಮನೆಗಳ ರೆಸಾರ್ಟಿಗೆ ಕರೆತಂದಿದ್ದಾನೆ. ಅಜ್ಜ ಯಾರನ್ನೂ ನೀರಿಗಿಳಿಯಲು ಬಿಡಲಿಲ್ಲ.

"ದುಡ್ಡು ಕಟ್ಟಿದೀನಲ್ಲಪ್ಪಾ!" ಎಂದ ಅಪ್ಪ.

"ಕೋಣೆಗೆ ಕಟ್ಟಿದೀಯ. ಕಡಲಿಗೆ ಯಾರನ್ನ ಕೇಳ್ದೆ?"

ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಯಂಗೋನ ಬೇರನ್ನು ಕಾಣಿಕೆಯಾಗಿ ಹಿಡಿದು ಅಜ್ಜ ಪಕ್ಕದ ಹಳ್ಳಿಯ ಹಿರಿಯರ ಮನೆಗೆ ಹೊರಟ. ತನ್ನ ಪರವಾಗಿ ಕಡಲಿಗಿಳಿಯಲು ಅಪ್ಪಣೆ ಕೇಳಲು ನನ್ನನ್ನೇ ಎಳೆದೊಯ್ದ. ಎರಡು ಮಾತಾಡುವಷ್ಟರಲ್ಲೇ ನನಗೆ ಮುಂದಿನದು ಮರೆತುಹೋಯಿತು. ಹಿರಿಯರು ಮುಟ್ಟದೆ ಬೇರು ಚಾಪೆಯ ಮೇಲೇ ಉಳಿದರೆ ಅಜ್ಜ ಯಾವ ಮುಖ ಹೊತ್ತು ಎದ್ದಾನು? ಅವನು ತಲೆ ತಗ್ಗಿಸಿ ಕೂತಿದ್ದ.

ಹಿರಿಯರು ಬೇರು ಮುಟ್ಟಿ, ಒಪ್ಪಿದೆವೆಂದು ಮೆಲ್ಲಗೆ ಚಪ್ಪಾಳೆ ತಟ್ಟಿದರು. "ಉಳಿದದ್ದೂ ಕೇಳಿಸ್ತು ಮಗಾ."

ಸಂಜೆ ಅಜ್ಜ ಅಂಗಿ ಸಮೇತ ನೀರಿಗೆ ಬಿದ್ದ. "ಇವ್ರನ್ನ ಎಳೆಯೋಕೆ ದೋಣಿನೇ ಬೇಕು!" ಎಂದಳು ಅಜ್ಜಿ.

"ಬಾರೋ ಇಲೈಸಾ, ಕೇಳಿ ಕೊಡಿಸ್ದೋನೇ ದಡದಲ್ಲಿ ನಿಂತ್ರೆ ಹೆಂಗೆ?" ಅಜ್ಜ ನೀರಿನಿಂದಲೇ ನನ್ನನ್ನು ಕೂಗಿದ.

ಹೋದೆ. ಕೂದಲು ಇನ್ನೂ ಒಣಗಿಲ್ಲ, ಕಣ್ಣು ಮಾತ್ರ ನಿದ್ದೆಗೆ ಮುಚ್ಚಿಕೊಳ್ಳು…