ಕರಡಿಗೆ ಹೇಳಿದ ಮಾತು

ಮಹದೇವ್, ಕೆಂಗೇರಿ ಮೆಟ್ರೋ ತಪ್ಪುತ್ತೆ ಅಂತ ಓಡ್ತಾ ಇದೀನಿ. ಉಪ್ಪಿಟ್ಟು ಮುಚ್ಚಿಟ್ಟಿದೀನಿ.

ಇಂಪು ಎದ್ದ ತಕ್ಷಣ ಅವಳ ಗೊಂಬೆ ಕರಡಿ ಕೇಳ್ತಾಳೆ. ನಿನ್ನೆ ಎದುರುಗಡೆ ಶೆಡ್ಡಿನ ದಾನಮ್ಮನ ಮಗೂಗೆ ಅವಳೇ ಕೈಯಾರೆ ಕೊಟ್ಟಳು. ನಾನು ಬೀಗ್ತಾ ಫೋಟೋ ಸ್ಟೇಟಸ್‌ಗೂ ಹಾಕಿದೆ. ಆದ್ರೆ ಅವಳು ಕರಡಿಗೆ ಹೇಳಿದ್ದು "ಹೋಗಿ ಬಾ" ಅಂತ! ನಮ್ಮನೇಲಿ ಯಾರಿಗೂ ಬರೀ "ಹೋಗು" ಅನ್ನಲ್ವಲ್ಲ, ಕಲಿಸಿದ್ದು ನಿಮ್ಮಮ್ಮನೇ. ಕರಡಿ ವಾಪಸ್ ಬರುತ್ತೆ ಅಂತ ಇಂಪು ಕತ್ತಲಾಗೋವರೆಗೂ ಗೇಟ್ ಹತ್ರ ಕಾದಳು.

ಹೊಸದು ತರ್ತೀನಿ ಅನ್ಬೇಡ ಕಣೋ. ವಾಪಸ್ ಕೇಳೋಕಂತೂ ಹೋಗಲೇಬೇಡ, ಮಾನ ಹೋಗುತ್ತೆ. ಎರಡು ಬಾಳೆಹಣ್ಣು ಅವಳ ಕೈಗೆ ಕೊಟ್ಟು ಅಲ್ಲಿಗೇ ಕರ್ಕೊಂಡು ಹೋಗು. ಒಂದು ಅವಳೇ ಆ ಮಗೂಗೆ ಕೊಡ್ಲಿ, ಕರಡಿ ಜೊತೆ ಆಡ್ಕೊಂಡು ಬರ್ಲಿ.

ಮಲಗಿದ್ದವಳ ಕಿವೀಲಿ ನಾನೂ "ಹೋಗಿ ಬರ್ತೀನಿ" ಅಂದು ಹೊರಟಿದೀನಿ. ಅಮ್ಮ ಕರಡಿ ಥರ ಅಲ್ಲ, ಸಂಜೆ ಬಂದೇ ಬರ್ತಾಳೆ ಅಂತ ಹೇಳು.

ರಂಜಿನಿ